ಇಂಟರ್ವಲ್ ಮಧ್ಯೆ ಬಿಸಿಎಎ ಕುಡಿದ್ರೆ ಸುಸ್ತು ನಿಜವಾಗ್ಲೂ ಕಮ್ಮಿ ಆಗತ್ತಾ?

ಕೊನೇಸುತ್ತು:
ಎಲ್ರಿಗೂ ನಮಸ್ಕಾರ. ನಾನು ಓಟದವನು. ವಾರದಲ್ಲಿ ಒಂದೆರಡು ಸಲ ಟ್ರ್ಯಾಕಲ್ಲಿ 400 ಮೀಟರ್ ಇಂಟರ್ವಲ್ ಮಾಡ್ತೀನಿ (ಒಂದು ಸುತ್ತು ಜೋರಾಗಿ, ಸ್ವಲ್ಪ ರೆಸ್ಟು, ಮತ್ತೆ ಸುತ್ತು), ಮಿಕ್ಕಿದ್ದೆಲ್ಲಾ ನಿಧಾನದ ಓಟ. ನಿಧಾನದ ಓಟದಲ್ಲಿ ಏನೂ ತೊಂದ್ರೆ ಇಲ್ಲ, ಎಷ್ಟೊತ್ತು ಬೇಕಾದ್ರೂ ಓಡ್ತೀನಿ. ಇಂಟರ್ವಲ್ ದಿನ ಮಾತ್ರ ಶುರುವಿನ ಸುತ್ತುಗಳು ಚೆನ್ನಾಗಿ ಹೋಗತ್ತೆ, ಆಮೇಲೆ ತೊಡೆ ಬಿಗಿದುಕೊಂಡು ಕಾಲು ಎತ್ತೋಕೇ ಆಗಲ್ಲ, ಉಸಿರು ಇದೆ ಆದ್ರೆ ಕಾಲಿಲ್ಲ ಅನ್ನೋ ಥರ. ಜಿಮ್ ಟ್ರೈನರ್ ಹೇಳ್ತಾರೆ ಬಾಟಲಿಗೆ ಬಿಸಿಎಎ ಹಾಕ್ಕೊಂಡು ಮಧ್ಯ ಮಧ್ಯ ಗುಟುಕು ಗುಟುಕಾಗಿ ಕುಡಿ, ಸುಸ್ತು ಹತ್ರ ಸುಳಿಯಲ್ಲ ಅಂತ. ಡಬ್ಬಿ ಮೇಲೂ ಹಾಗೇ ಬರೆದಿದೆ. ಇದ್ರಲ್ಲಿ ಎಷ್ಟು ನಿಜ? ಯಾರಾದ್ರೂ ತಗೊಂಡು ನೋಡಿದೀರಾ?

ಕಬ್ಬಿಣದ_ಕೈ:
ತಗೋ ಗುರು, ಜಾಸ್ತಿ ಯೋಚ್ನೆ ಮಾಡ್ಬೇಡ. ನಾನು ಲೆಗ್ ಡೇ ದಿನ ತಪ್ಪಿಸಲ್ಲ. ಕುಡಿದ್ರೆ ಮಾರನೇ ದಿನ ಮೆಟ್ಟಿಲು ಇಳಿಯೋಕಾಗತ್ತೆ, ಕುಡೀದಿದ್ರೆ ಗೋಡೆ ಹಿಡ್ಕೊಂಡು ಇಳೀಬೇಕು. ಇದಕ್ಕಿಂತ ಪುರಾವೆ ಏನು ಬೇಕು?

ಡಬ್ಬಿ_ಓದೋಳು:
ಅಣ್ಣಾ ನೀವು ಹೇಳ್ತಿರೋದು ಮಾರನೇ ದಿನದ ನೋವು. ಅವ್ರು ಕೇಳ್ತಿರೋದು ಓಡ್ತಿರೋವಾಗ್ಲೇ ಬರೋ ಸುಸ್ತು. ಎರಡೂ ಬೇರೆ. ನೋವು ಸ್ವಲ್ಪ ಕಮ್ಮಿ ಆಗತ್ತೆ ಅನ್ನೋದಕ್ಕೆ ಒಂದಷ್ಟು ಅಧ್ಯಯನಗಳ ಬೆಂಬಲ ಇದೆ, ಅದೂ ಸ್ವಲ್ಪವೇ. ಅದನ್ನ ತಂದು ಇದಕ್ಕೆ ಅಂಟಿಸಿದ್ರೆ ಹೇಗೆ.

ಸುಮ್ನೆ_ಬಂದೆ:
ಬಿಸಿಎಎ ಅಂದ್ರೆ ಏನು ಅಂತ ಯಾರಾದ್ರೂ ಹೇಳ್ರಪ್ಪಾ, ಎಲ್ರೂ ತಲೆ ಆಡಿಸ್ತಿದೀರ ನಂಗೊಬ್ಬಂಗೇ ಗೊತ್ತಿಲ್ಲ

ಜೀವರಸ:
ನಮ್ಮ ದೇಹದ ಪ್ರೋಟೀನ್ ಕಟ್ಟೋಕೆ 20 ಥರದ ಅಮೈನೋ ಆಮ್ಲ ಬೇಕು. ಅದ್ರಲ್ಲಿ 9 ನಾವೇ ತಯಾರಿಸಿಕೊಳ್ಳೋಕಾಗಲ್ಲ, ಊಟದಿಂದ್ಲೇ ಬರಬೇಕು. ಆ 9ರಲ್ಲಿ ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಈ ಮೂರರ ರಚನೆಯಲ್ಲಿ ಕವಲು ಇದೆ, ಅವೇ ಬಿಸಿಎಎ. ಬೇರೆ ಅಮೈನೋ ಆಮ್ಲಗಳನ್ನ ಹೆಚ್ಚಾಗಿ ಯಕೃತ್ತು ಒಡೆಯತ್ತೆ, ಈ ಮೂರನ್ನ ಮಾತ್ರ ಮುಖ್ಯವಾಗಿ ಸ್ನಾಯುನೇ ಒಡೆದು ಉರಿಸತ್ತೆ. ಅದಕ್ಕೇ ಕಂಪನಿಗಳಿಗೆ ಇದ್ರ ಮೇಲೆ ಇಷ್ಟು ಪ್ರೀತಿ.

"ಸುಸ್ತು ಬರಲ್ಲ" ಅನ್ನೋ ಮಾತು ಎಲ್ಲಿಂದ ಬಂತು ಅಂದ್ರೆ, 1987ರಲ್ಲಿ ಆಕ್ಸ್‌ಫರ್ಡ್‌ನ ಎರಿಕ್ ನ್ಯೂಸ್‌ಹೋಮ್ ಅನ್ನೋ ಜೀವರಸಾಯನ ವಿಜ್ಞಾನಿ ಒಂದು ವಾದ ಮುಂದಿಟ್ರು. ಸುಸ್ತು ಬರೀ ಸ್ನಾಯುವಿನಲ್ಲಿ ಹುಟ್ಟಲ್ಲ, ಮಿದುಳಲ್ಲೂ ಹುಟ್ಟತ್ತೆ ಅಂತ. ತುಂಬಾ ಹೊತ್ತು ವ್ಯಾಯಾಮ ಮಾಡ್ದಾಗ ರಕ್ತದಲ್ಲಿ ಕೊಬ್ಬಿನಾಮ್ಲ ಏರತ್ತೆ. ಅಲ್ಬುಮಿನ್ ಅನ್ನೋ ರಕ್ತದ ಪ್ರೋಟೀನ್‌ಗೆ ಅಂಟಿಕೊಂಡು ಕೂತಿದ್ದ ಟ್ರಿಪ್ಟೋಫಾನ್ ಅನ್ನೋ ಇನ್ನೊಂದು ಅಮೈನೋ ಆಮ್ಲನ ಈ ಕೊಬ್ಬಿನಾಮ್ಲ ಎಬ್ಬಿಸಿ ಕಳಿಸತ್ತೆ. ಅದೇ ಹೊತ್ತಿಗೆ ಸ್ನಾಯು ಬಿಸಿಎಎ ಉರಿಸ್ತಾ ಇರೋದ್ರಿಂದ ರಕ್ತದಲ್ಲಿ ಅದು ಇಳೀತಾ ಹೋಗತ್ತೆ. ಮಿದುಳಿಗೆ ಹೋಗೋಕೆ ಇಬ್ರಿಗೂ ಒಂದೇ ಬಸ್ಸು, ಬಿಸಿಎಎ ಸೀಟು ಬಿಟ್ರೆ ಟ್ರಿಪ್ಟೋಫಾನ್ ಹತ್ತಿ ಕೂರತ್ತೆ. ಒಳಗೆ ಹೋದ ಟ್ರಿಪ್ಟೋಫಾನ್ ಸೆರೊಟೋನಿನ್ ಅನ್ನೋ ಮಿದುಳಿನ ರಾಸಾಯನಿಕ ಆಗತ್ತೆ, ಸೆರೊಟೋನಿನ್ ಏರಿದ್ರೆ ಮಂಪರು, ಸಾಕಪ್ಪಾ ಅನ್ನೋ ಭಾವನೆ. ಹಾಗಾದ್ರೆ ಬಿಸಿಎಎ ಕುಡಿದು ಬಸ್ಸು ತುಂಬಿಸಿಬಿಟ್ರೆ? ಇಷ್ಟೇ ಲಾಜಿಕ್ಕು. ಕೇಳೋಕೆ ಬಹಳ ಚೆನ್ನಾಗಿದೆ.

ಸುಮ್ನೆ_ಬಂದೆ:
ಅರ್ಥ ಆಯ್ತು ಸಾರ್. ಹಾಗಾದ್ರೆ ಕೆಲ್ಸ ಮಾಡತ್ತೆ ಅಂತಾಯ್ತಲ್ಲ?

ಪೆಡಲ್_ಪುಟ್ಟ:
ಅಲ್ಲೇ ಇರೋದು ಕಥೆ. 1991ರಲ್ಲಿ ಸ್ವೀಡನ್ನಿನ ಏವಾ ಬ್ಲೂಮ್‌ಸ್ಟ್ರಾಂಡ್ ಮತ್ತವರ ತಂಡ ಮ್ಯಾರಥಾನ್ ಓಟಗಾರರಿಗೆ ಓಟದ ಮಧ್ಯೆ ಬಿಸಿಎಎ ಕೊಟ್ಟು ನೋಡ್ತು. ಒಟ್ಟಾರೆ ನೋಡಿದ್ರೆ ವ್ಯತ್ಯಾಸ ಇಲ್ಲ, ಆಮೇಲೆ ವೇಗದವರು ನಿಧಾನದವರು ಅಂತ ಎರಡು ಗುಂಪು ಮಾಡಿ ನೋಡ್ದಾಗ ನಿಧಾನದವರಿಗೆ ಸ್ವಲ್ಪ ಲಾಭ ಆದಂಗೆ ಕಾಣಿಸ್ತು. ಫಲಿತಾಂಶ ಬಂದ್ಮೇಲೆ ಗುಂಪು ಮಾಡೋದು ಎಷ್ಟು ಸರಿ ಅಂತ ಆಗ್ಲೇ ತಕರಾರು ಇತ್ತು. ಡಬ್ಬಿ ಮಾರೋರು ಇವತ್ತಿಗೂ ಅದನ್ನೇ ಹಿಡ್ಕೊಂಡು ಓಡಾಡ್ತಾರೆ.

1995ರ ವ್ಯಾನ್ ಹಾಲ್ ಅಧ್ಯಯನ ಮಾತ್ರ ಯಾವ ಜಾಹೀರಾತಲ್ಲೂ ಬರಲ್ಲ. ಪಳಗಿದ 10 ಜನ ಕ್ರೀಡಾಪಟುಗಳು, ಗರಿಷ್ಠ ಶಕ್ತಿಯ 70ರಿಂದ 75 ಶೇಕಡಾದಲ್ಲಿ ಇನ್ನಾಗಲ್ಲ ಅನ್ನೋವರ್ಗೂ ಪೆಡಲ್ ತುಳೀಬೇಕು. ಒಂದ್ಸಲ ಬರೀ ಸಕ್ಕರೆ ನೀರು, ಒಂದ್ಸಲ ಟ್ರಿಪ್ಟೋಫಾನ್ ಹಾಕಿದ್ದು, ಒಂದ್ಸಲ ಕಮ್ಮಿ ಬಿಸಿಎಎ, ಒಂದ್ಸಲ ಜಾಸ್ತಿ ಬಿಸಿಎಎ. ನಾಲ್ಕರಲ್ಲೂ ಹೆಚ್ಚೂಕಮ್ಮಿ ಅದೇ 122 ನಿಮಿಷ. ಟ್ರಿಪ್ಟೋಫಾನ್ ಕುಡಿದ ದಿನ ಮಿದುಳಿಗೆ ಅದು ಎಷ್ಟೋ ಪಟ್ಟು ಜಾಸ್ತಿ ಹೋಗಿರತ್ತೆ ಅಂತ ಲೆಕ್ಕ ಹಾಕಿದ್ರು, ಆದ್ರೂ ಒಬ್ರೂ ಬೇಗ ಸುಸ್ತಾಗ್ಲಿಲ್ಲ. ಬಿಸಿಎಎ ಜಾಸ್ತಿ ಕುಡಿದಾಗ ರಕ್ತದಲ್ಲಿ ಅಮೋನಿಯಾ ಏರ್ತು, ಲಾಭ ಅಂತೂ ಏನಿಲ್ಲ.

ಕಬ್ಬಿಣದ_ಕೈ:
10 ಜನ ಇಟ್ಕೊಂಡು ಮಾಡಿದ್ದೂ ಒಂದು ಸ್ಟಡಿನಾ? ನಮ್ ಜಿಮ್ಮಲ್ಲೇ ಅದಕ್ಕಿಂತ ಜಾಸ್ತಿ ಜನ ಕುಡೀತಾರೆ.

ಡಬ್ಬಿ_ಓದೋಳು:
ಕುಡಿಯೋದಕ್ಕೂ ಅಳೆಯೋದಕ್ಕೂ ವ್ಯತ್ಯಾಸ ಇದೆ ಅಣ್ಣಾ. ಆ 10 ಜನಕ್ಕೆ ತಾವು ಯಾವತ್ತು ಏನು ಕುಡಿದ್ವಿ ಅಂತ ಗೊತ್ತಿರ್ಲಿಲ್ಲ, ನಿಮ್ಗೆ ಡಬ್ಬಿ ಬಣ್ಣ ಸಮೇತ ಗೊತ್ತು.

ಪೆಡಲ್_ಪುಟ್ಟ:
ಅದೂ ಅಲ್ದೆ ಇದೆಲ್ಲಾ ಗಂಟೆಗಟ್ಟಲೆ ಮಾಡೋ ವ್ಯಾಯಾಮದ ಲೆಕ್ಕ. ಕೇಳಿದವರದ್ದು ಒಂದೂವರೆ ನಿಮಿಷದ ಸುತ್ತು. ಅಷ್ಟರಲ್ಲಿ ಟ್ರಿಪ್ಟೋಫಾನ್ ಹೋಗಿ ಸೆರೊಟೋನಿನ್ ಆಗಿ ಕಾಲು ಹಿಡಿದುಕೊಳ್ತು ಅಂದ್ರೆ ನಂಬೋಕೆ ಕಷ್ಟ. ನ್ಯೂಸ್‌ಹೋಮ್ ವಾದ ನೂರಕ್ಕೆ ನೂರು ಸರಿ ಅಂತ ಇಟ್ಕೊಂಡ್ರೂ ಇಲ್ಲಿಗೆ ಹೊಂದಲ್ಲ.

ಪಾಳಿ_ಮುಗೀತು:
ಮಿದುಳಿನ ಭಾಗನ ಪೂರ್ತಿ ತಳ್ಳಿಹಾಕ್ಬೇಡಿ. 1992ರಲ್ಲಿ ಸೆರೊಟೋನಿನ್ ಮೇಲೆ ಕೆಲಸ ಮಾಡೋ ಪ್ಯಾರೊಕ್ಸೆಟಿನ್ ಮಾತ್ರೆ ಕೊಟ್ಟು ಸೈಕಲ್ ತುಳಿಸಿದಾಗ ಜನ ಬೇಗ ಸೋತ್ರು, ಆಮೇಲಿನ ಕೆಲವು ಪ್ರಯೋಗಗಳಲ್ಲಿ ಹಾಗಾಗ್ಲಿಲ್ಲ. ನಂಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು 2005ರ ಬ್ಯುಪ್ರೊಪಿಯಾನ್ ಪ್ರಯೋಗ. ಅದು ಡೋಪಮಿನ್, ನಾರ್‌ಅಡ್ರಿನಲಿನ್ ಮೇಲೆ ಕೆಲಸ ಮಾಡೋ ಔಷಧಿ. 18 ಡಿಗ್ರಿಯಲ್ಲಿ ಏನೂ ಉಪಯೋಗ ಆಗ್ಲಿಲ್ಲ, 30 ಡಿಗ್ರಿ ಸೆಖೆಯಲ್ಲಿ ಮಾತ್ರ ಸವಾರರು ವೇಗವಾಗಿ ಮುಗಿಸಿದ್ರು. ಆದ್ರೆ ಅವ್ರ ಮೈ ಒಳಗಿನ ಬಿಸಿ ಇನ್ನೂ ಮೇಲೆ ಹೋಗಿತ್ತು, ಅವ್ರಿಗೆ ಅದು ಗೊತ್ತೇ ಆಗಿರ್ಲಿಲ್ಲ! ಸುಸ್ತು ಅನ್ನೋ ಬ್ರೇಕ್ ಸಡಿಲ ಆದ್ರೆ ಹೀಗೂ ಆಗತ್ತೆ. ದಯವಿಟ್ಟು ಇದನ್ನ ಓದಿ ಯಾರೂ ಮಾತ್ರೆ ಹುಡ್ಕೋಕೆ ಹೋಗ್ಬೇಡಿ.

ಮೀನು_ಈಜು:
ಇಷ್ಟೊತ್ತಾದ್ರೂ ಯಾರೂ ಬೀಟಾ ಅಲನೈನ್ ಹೆಸರೇ ಎತ್ತಿಲ್ವಲ್ಲ. ಅದೂ ಅಮೈನೋ ಆಮ್ಲನೇ, ಪ್ರೋಟೀನ್ ಕಟ್ಟೋಕೆ ಬಳಕೆ ಆಗಲ್ಲ ಅಷ್ಟೆ. ನಾನು 200 ಮೀಟರ್ ಈಜ್ತೀನಿ, ಕೊನೇ 50 ಮೀಟರಲ್ಲಿ ತೋಳು ಉರಿಯೋದಿದ್ಯಲ್ಲ, ಅಲ್ಲಿ ನಿಜವಾಗ್ಲೂ ವ್ಯತ್ಯಾಸ ಕಾಣಿಸ್ತು.

ಜೀವರಸ:
ಹೌದು ಮೇಡಂ, ಕೇಳಿದವರ ತೊಂದ್ರೆಗೆ ಹತ್ರ ಇರೋದು ಅದೇ. ಬೀಟಾ ಅಲನೈನ್ ಸ್ನಾಯು ಒಳಗೆ ಹಿಸ್ಟಿಡಿನ್ ಅನ್ನೋ ಇನ್ನೊಂದು ಅಮೈನೋ ಆಮ್ಲದ ಜೊತೆ ಸೇರಿ ಕಾರ್ನೋಸಿನ್ ಆಗತ್ತೆ. ಹಿಸ್ಟಿಡಿನ್ ಸಾಕಷ್ಟು ಇರತ್ತೆ, ಕೊರತೆ ಬೀಳೋದು ಬೀಟಾ ಅಲನೈನ್‌ದೇ. ಜೋರಾಗಿ ಓಡ್ದಾಗ ಸ್ನಾಯುವಿನಲ್ಲಿ ಹೈಡ್ರೋಜನ್ ಅಯಾನು ತುಂಬಿ ಆಮ್ಲೀಯತೆ ಏರತ್ತೆ, ಕಾರ್ನೋಸಿನ್ ಅದನ್ನ ಒಂದಷ್ಟು ಹೀರ್ಕೊಳ್ಳತ್ತೆ. 1ರಿಂದ 4 ನಿಮಿಷದ ಜೋರು ಪ್ರಯತ್ನಕ್ಕೆ ಲಾಭ ಇದೆ ಅಂತ ಬೇಕಾದಷ್ಟು ಅಧ್ಯಯನಗಳಲ್ಲಿ ಬಂದಿದೆ, 10 ಸೆಕೆಂಡಿನ ಸ್ಪ್ರಿಂಟಿಗೆ ಉಪಯೋಗ ಇಲ್ಲ. ಮಾಂಸ ಮೀನು ತಿನ್ನದೇ ಇರೋರ ಸ್ನಾಯುವಿನಲ್ಲಿ ಕಾರ್ನೋಸಿನ್ ಸಾಮಾನ್ಯವಾಗಿ ಕಮ್ಮಿ ಇರತ್ತೆ.

ಆದ್ರೆ ಗುಟುಕು ಗುಟುಕಾಗಿ ಕುಡಿದು ಅದೇ ದಿನ ಫಲ ಸಿಗೋ ಸರಕಲ್ಲ ಇದು. ದಿನಕ್ಕೆ 4ರಿಂದ 6 ಗ್ರಾಂ, ವಾರಗಟ್ಟಲೆ ತಗೋಬೇಕು. ಒಂದು ಅಧ್ಯಯನದಲ್ಲಿ ಕಾರ್ನೋಸಿನ್ 4 ವಾರಕ್ಕೆ ಸುಮಾರು 60 ಶೇಕಡಾ, 10 ವಾರಕ್ಕೆ ಸುಮಾರು 80 ಶೇಕಡಾ ಏರಿತ್ತು. ಇಂಟರ್ವಲ್‌ಗೆ ಮುಂಚೆ ಕುಡೀತಿಯೋ ರಾತ್ರಿ ಮಲಗೋವಾಗ ಕುಡೀತಿಯೋ, ಒಂದೇ.

ಸುಮ್ನೆ_ಬಂದೆ:
ಪ್ರೀ ವರ್ಕೌಟ್ ಕುಡಿದ್ರೆ ಕಿವಿ, ಮುಖ, ಅಂಗೈ ಎಲ್ಲಾ ಜುಮ್ ಜುಮ್ ಅಂತ ಇರುವೆ ಓಡಾಡಿದಂಗೆ ಆಗತ್ತಲ್ಲ, ಅದು ಇದೇನಾ?? ನಾನು ಪವರ್ ಏರ್ತಿದೆ ಅಂದ್ಕೊಂಡು ಖುಷಿ ಪಡ್ತಿದ್ದೆ

ಮೀನು_ಈಜು:
ಅದೇ 😀 ಪವರ್ರೂ ಇಲ್ಲ ಏನೂ ಇಲ್ಲ, ಚರ್ಮದ ನರ ಕೆಣಕೋದು ಅಷ್ಟೆ. ಕುಡಿದ ಸ್ವಲ್ಪ ಹೊತ್ತಿಗೆ ಶುರುವಾಗಿ ಒಂದು ಗಂಟೆ ಆಸುಪಾಸಲ್ಲಿ ತಾನೇ ಹೋಗತ್ತೆ. ಒಟ್ಟಿಗೇ ಸುರ್ಕೊಂಡ್ರೆ ಜಾಸ್ತಿ, ನಾನು ಸ್ವಲ್ಪ ಸ್ವಲ್ಪ ಊಟದ ಜೊತೆ ತಗೋತೀನಿ, ಗೊತ್ತೇ ಆಗಲ್ಲ. ಕೆಲವು ಕಂಪನಿಗಳು ಬೇಕಂತ್ಲೇ ಜಾಸ್ತಿ ಹಾಕೋದು ನಿಮ್ಮಂಥೋರು ಖುಷಿ ಪಡ್ಲಿ ಅಂತಾನೇ ಇರ್ಬೇಕು ಅಂತ ನನ್ನ ಅನುಮಾನ.

ಕಬ್ಬಿಣದ_ಕೈ:
ಆಮ್ಲ ಅಂದ್ರೆ ಲ್ಯಾಕ್ಟಿಕ್ ಆಸಿಡ್ ತಾನೇ? ಮಾರನೇ ದಿನದ ನೋವಿಗೂ ಅದೇ ಕಾರಣ. ಅಲ್ಲಿಗೆ ಎರಡೂ ಒಂದೇ ಆಯ್ತು ನೋಡಿ.

ಡಬ್ಬಿ_ಓದೋಳು:
ಅಯ್ಯೋ ಇಲ್ಲ.

ಜೀವರಸ:
ಈ ಲ್ಯಾಕ್ಟಿಕ್ ಆಸಿಡ್ ಪಾಪ ಎಷ್ಟು ವರ್ಷದಿಂದ ಬೈಸಿಕೊಳ್ತಿದೆ. ಓಟ ನಿಲ್ಸಿ ಒಂದು ಗಂಟೆ ಆಗೋಷ್ಟರಲ್ಲಿ ಲ್ಯಾಕ್ಟೇಟ್ ಹೆಚ್ಚೂಕಮ್ಮಿ ಮೊದಲಿನ ಮಟ್ಟಕ್ಕೆ ಬಂದಿರತ್ತೆ, ಮಾರನೇ ದಿನ ಕಾಲು ನೋಯಿಸೋಕೆ ಅದು ಇರೋದೇ ಇಲ್ಲ. ಅದು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪುಟ್ಟ ಪೆಟ್ಟು, ಅದಕ್ಕೆ ಬರೋ ಉರಿಯೂತ. ಲ್ಯಾಕ್ಟೇಟ್ ಅನ್ನ ಹೃದಯ, ಬೇರೆ ಸ್ನಾಯು ಎಲ್ಲಾ ಇಂಧನವಾಗಿ ಉರಿಸತ್ತೆ, ಅದು ಕಸ ಅಲ್ಲ. ಜೋರು ಓಟದಲ್ಲಿ ಕಾಲು ಹಿಡಿಯೋಕೆ ಕಾರಣ ಒಂದಲ್ಲ. ಹೈಡ್ರೋಜನ್ ಅಯಾನು ಇದೆ, ಕ್ರಿಯಾಟಿನ್ ಫಾಸ್ಫೇಟ್ (ಸ್ನಾಯುವಿನ ತಕ್ಷಣದ ಶಕ್ತಿಯ ದಾಸ್ತಾನು) ಒಡೆದಾಗ ತುಂಬಿಕೊಳ್ಳೋ ಫಾಸ್ಫೇಟ್ ಇದೆ, ಜೀವಕೋಶದಿಂದ ಹೊರಗೆ ಸೋರೋ ಪೊಟ್ಯಾಶಿಯಂ ಇದೆ. ಬಿಸಿಎಎ ಈ ಮೂರಲ್ಲಿ ಒಂದರ ತಂಟೆಗೂ ಹೋಗಲ್ಲ.

ಕೋಚ್_ಮಾವ:
ಮಕ್ಕಳಾ, ಪುಡಿ ವಿಷಯ ನೀವು ಮಾತಾಡ್ಕೊಳಿ. ನಾನು ಕೇಳೋದು ಬೇರೆ. ಕೊನೇಸುತ್ತು, ಎರಡು ಸುತ್ತಿನ ಮಧ್ಯೆ ಎಷ್ಟು ರೆಸ್ಟ್ ತಗೋತೀಯಪ್ಪಾ? ಮೊದಲ್ನೇ ಸುತ್ತು ಎಷ್ಟರಲ್ಲಿ ಓಡ್ತೀಯ, ಕೊನೇದು ಎಷ್ಟು? ಹೊಟ್ಟೆಗೆ ಏನು ಹಾಕ್ಕೊಂಡು ಬರ್ತೀಯ?

ಕೊನೇಸುತ್ತು:
ಕೋಚ್ ಸಾರ್, ರೆಸ್ಟು 45 ಸೆಕೆಂಡ್. ಮೊದಲ್ನೇದು 78 ಸೆಕೆಂಡ್ ಹತ್ರ, ಕೊನೇದು 95 ದಾಟತ್ತೆ. ಬೆಳಗ್ಗೆ ಖಾಲಿ ಹೊಟ್ಟೆ, ಹಿಂದಿನ ರಾತ್ರಿನೂ ಲೈಟಾಗಿ, ತೂಕ ಇಳಿಸ್ತಿದೀನಿ ಅದಕ್ಕೆ.

ಕೋಚ್_ಮಾವ:
ನೋಡಿದ್ರಾ! 78ರಿಂದ 95! ಇದಕ್ಕೆ ಯಾವ ಡಬ್ಬಿಯಲ್ಲೂ ಔಷಧಿ ಇಲ್ಲ. ಸ್ನಾಯುವಿನ ಕ್ರಿಯಾಟಿನ್ ಫಾಸ್ಫೇಟ್ ಜೋರು ಓಟದಲ್ಲಿ ಮೊದಲ 10 ಸೆಕೆಂಡಿಗೇ ಹೆಚ್ಚು ಕಮ್ಮಿ ಕೈಕೊಡತ್ತೆ, ಮತ್ತೆ ಪೂರ್ತಿ ತುಂಬೋಕೆ 3ರಿಂದ 5 ನಿಮಿಷ ಬೇಕು. ನೀನು 45 ಸೆಕೆಂಡಿಗೆ ಎದ್ದು ಮತ್ತೆ ಹೊರಟ್ರೆ ಅರ್ಧಂಬರ್ಧ ತುಂಬಿರೋದ್ರಲ್ಲಿ ಓಡ್ತೀಯ. ಚಿಕ್ಕ ರೆಸ್ಟ್ ತಪ್ಪು ಅಂತ ನಾನು ಹೇಳ್ತಿಲ್ಲ, ಅದಕ್ಕೂ ಅದರದ್ದೇ ಉದ್ದೇಶ ಇದೆ, ಆದ್ರೆ ಆ ರೆಸ್ಟಿಗೆ 78 ಓಡ್ಬಾರ್ದು. 86-87ರಲ್ಲಿ ಶುರು ಮಾಡಿ ಕೊನೇದೂ ಅಷ್ಟರಲ್ಲೇ ಮುಗ್ಸು. 78 ಬೇಕೇ ಬೇಕು ಅಂದ್ರೆ 3 ನಿಮಿಷ ನಡೆದಾಡು, ಸುತ್ತು ಕಮ್ಮಿ ಮಾಡು.

ಪೆಡಲ್_ಪುಟ್ಟ:
ಹೊಟ್ಟೆ ವಿಷಯ ನಾನು ಸೇರಿಸ್ತೀನಿ. ಈ ವೇಗದಲ್ಲಿ ಸ್ನಾಯು ಉರಿಸೋದು ಗ್ಲೈಕೋಜನ್, ಅಂದ್ರೆ ಕಾರ್ಬು. ರಾತ್ರಿ ಲೈಟು ಬೆಳಗ್ಗೆ ಖಾಲಿ ಅಂದ್ರೆ ಇರೋ ದಾಸ್ತಾನೇ ಕಮ್ಮಿ, ಅದ್ರಲ್ಲೂ ಜೋರು ಓಟಕ್ಕೆ ಬೇಕಾದ ವೇಗದ ಎಳೆಗಳಲ್ಲಿ ಬೇಗ ಖಾಲಿ ಆಗತ್ತೆ. ಬಿಸಿಎಎ ಒಂದು ಸ್ಕೂಪ್ 7 ಗ್ರಾಂ ಅಂದ್ಕೊಳಿ, ಗ್ರಾಂಗೆ 4 ಕಿಲೋಕ್ಯಾಲರಿ ಅಂದ್ರೂ 28. ಇಂಧನ ಅಂತಲೂ ಅದು ಲೆಕ್ಕಕ್ಕಿಲ್ಲ.

ಕಾರ್ಬು ಮಿದುಳಿನ ಮೇಲೂ ಕೆಲಸ ಮಾಡತ್ತೆ ಅನ್ನೋದು ಇನ್ನೂ ಮಜಾ. 2004ರಲ್ಲಿ ಒಂದು ಪ್ರಯೋಗ, ಸುಮಾರು ಒಂದು ಗಂಟೆಯ ಸೈಕಲ್ ಟೈಮ್ ಟ್ರಯಲ್, ಸವಾರರು ಮಾಲ್ಟೋಡೆಕ್ಸ್‌ಟ್ರಿನ್ ಅನ್ನೋ ಕಾರ್ಬು ಬೆರೆಸಿದ ನೀರು ಬಾಯಿಗೆ ಹಾಕ್ಕೊಂಡು ಮುಕ್ಕಳಿಸಿ ಉಗಿಯೋದು, ನುಂಗಂಗಿಲ್ಲ. ಆದ್ರೂ ಸುಮಾರು 3 ಶೇಕಡಾ ಸುಧಾರಿಸ್ತು! ಹೊಟ್ಟೆಗೆ ಹನಿ ಹೋಗಿಲ್ಲ, ಬಾಯಲ್ಲಿ ಕಾರ್ಬು ಬಂತು ಅಂತ ಮಿದುಳಿಗೆ ಸುದ್ದಿ ಹೋಗಿದ್ದೇ ಸಾಕಾಯ್ತು. ಸುಸ್ತಿನಲ್ಲಿ ಮಿದುಳಿನ ಪಾಲು ಇದೆ ಅನ್ನೋದಕ್ಕೆ ಬಿಸಿಎಎಗಿಂತ ಇದೇ ವಾಸಿ ಸಾಕ್ಷಿ.

ಸುಮ್ನೆ_ಬಂದೆ:
ಉಗಿಯೋಕೆ ದುಡ್ಡು ಕೊಡ್ಬೇಕಾ 😂

ಕಬ್ಬಿಣದ_ಕೈ:
ಸರಿ ಓಟಕ್ಕೆ ಬಿಡಿ. ಸ್ನಾಯು ಬೆಳೆಯೋಕಾದ್ರೂ ಬೇಕೇ ಬೇಕಲ್ಲ? ಲ್ಯೂಸಿನ್ ಇಲ್ದೆ ಸ್ನಾಯು ಕಟ್ಟಲ್ಲ, ಇದನ್ನಾದ್ರೂ ಒಪ್ತೀರಾ ಇಲ್ವಾ.

ಜೀವರಸ:
ಲ್ಯೂಸಿನ್ ಶುರು ಮಾಡಿಸತ್ತೆ, ಒಪ್ತೀನಿ. ಆದ್ರೆ ಕಟ್ಟೋಕೆ ಉಳಿದ ಅಗತ್ಯ ಅಮೈನೋ ಆಮ್ಲಗಳೂ ಬೇಕಲ್ಲ, ಬರೀ ಮೂರು ಕೊಟ್ರೆ ಮಿಕ್ಕಿದ್ದು ಎಲ್ಲಿಂದ ಬರ್ಬೇಕು? ಇರೋ ಸ್ನಾಯುನೇ ಒಡೆದು ತರ್ಬೇಕು. 2017ರ ಒಂದು ಅಧ್ಯಯನದಲ್ಲಿ ವ್ಯಾಯಾಮ ಆದ್ಮೇಲೆ 5.6 ಗ್ರಾಂ ಬಿಸಿಎಎ ಕೊಟ್ಟಾಗ ಸ್ನಾಯು ಪ್ರೋಟೀನ್ ತಯಾರಿ 22 ಶೇಕಡಾ ಏರ್ತು. ಅಷ್ಟೇ ಬಿಸಿಎಎ ಇರೋ ವೇ ಪ್ರೋಟೀನ್ (ಹಾಲಿನಿಂದ ಬರೋದು) ಕೊಟ್ರೆ ಬರೋ ಏರಿಕೆಗೆ ಹೋಲಿಸಿದ್ರೆ ಇದು ಅರ್ಧದಷ್ಟು. 25 ಗ್ರಾಂ ವೇ ಪ್ರೋಟೀನಲ್ಲಿ ಹೇಗೂ ಐದೂವರೆ ಗ್ರಾಂ ಹತ್ರ ಬಿಸಿಎಎ ಇರತ್ತೆ. ಪ್ರೋಟೀನ್ ದಿನಕ್ಕೆ ಕೆಜಿ ತೂಕಕ್ಕೆ 1.6 ಗ್ರಾಂ ಹತ್ರ ತಲುಪ್ತಿದ್ರೆ ಮೇಲಿಂದ ಮತ್ತೆ ಬಿಸಿಎಎ ಯಾಕೆ?

ಕಬ್ಬಿಣದ_ಕೈ:
ರುಚಿ ಚೆನ್ನಾಗಿರತ್ತೆ. ನೀರು ಜಾಸ್ತಿ ಕುಡೀತೀನಿ. ಅದಕ್ಕೂ ಅಧ್ಯಯನ ಬೇಕಾ

ಡಬ್ಬಿ_ಓದೋಳು:
ಅದೊಂದು ಪ್ರಾಮಾಣಿಕ ಕಾರಣ, ಒಪ್ಕೊಂಡೆ 🙏

ಡಬ್ಬಿ ಬಗ್ಗೆ ನಾನೊಂದೆರಡು ಮಾತು ಹೇಳ್ಬೇಕು. 2:1:1, 4:1:1, 8:1:1 ಅಂತ ದೊಡ್ಡದಾಗಿ ಬರೀತಾರಲ್ಲ, ಅದು ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಅನುಪಾತ, 8:1:1 ಅಂದ್ರೆ ಲ್ಯೂಸಿನ್ ಜಾಸ್ತಿ ಸುರಿದು ಉಳಿದೆರಡು ಚಿಟಿಕೆ ಹಾಕಿರೋದು, 2:1:1ಗಿಂತ ಅದು ಮೇಲು ಅಂತ ಎಲ್ಲೂ ಸಾಬೀತಾಗಿಲ್ಲ. ಸೊನ್ನೆ ಕ್ಯಾಲರಿ ಅಂತಾನೂ ಇರತ್ತೆ, ಅಮೈನೋ ಆಮ್ಲಕ್ಕೂ ಕ್ಯಾಲರಿ ಇದೆ ರೀ, ಲೇಬಲ್ಲಲ್ಲಿ ಎಣಿಸಿರಲ್ಲ ಅಷ್ಟೆ. "ಸ್ವಂತ ಮಿಶ್ರಣ" ಅಂತ ಬರೆದು ಒಟ್ಟು ತೂಕ ಮಾತ್ರ ಕೊಟ್ಟಿದ್ರೆ ಡಬ್ಬಿನ ಅಲ್ಲೇ ಇಟ್ಟುಬನ್ನಿ, ಒಳಗೆ ಯಾವುದು ಎಷ್ಟಿದೆ ಅಂತ ಗೊತ್ತಾಗಲ್ಲ. ಪ್ರೋಟೀನ್ ಪುಡಿಯಲ್ಲಿ ಇನ್ನೊಂದು ಆಟ ಇದೆ. ಪ್ರೋಟೀನ್ ಅಳೆಯೋ ಹಳೇ ವಿಧಾನ ನೈಟ್ರೋಜನ್ ಅಳೆದು 6.25ರಿಂದ ಗುಣಿಸೋದು. ಹಾಗಾಗಿ ಅಗ್ಗದ ಗ್ಲೈಸಿನ್ನೋ ಟಾರಿನ್ನೋ ಸುರಿದ್ರೆ ಕಾಗದದ ಮೇಲೆ ಪ್ರೋಟೀನ್ ಏರತ್ತೆ, ಸ್ನಾಯುಗೆ ಬೇಕಾದ್ದು ಏರಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಗ್ಲೈಸಿನ್, ಟಾರಿನ್ ಬೇರೆಯಾಗಿ ಕಾಣಿಸಿದ್ರೆ ಯಾಕೆ ಅಂತ ಕೇಳಿ.

ಪಾಳಿ_ಮುಗೀತು:
ಸ್ಪರ್ಧೆಗೆ ಇಳಿಯೋರು ಇನ್ನೂ ಹುಷಾರಾಗಿರಿ. 2000–2001ರಲ್ಲಿ 13 ದೇಶಗಳಿಂದ 634 ಸಪ್ಲಿಮೆಂಟು ಕೊಂಡು ಜರ್ಮನಿಯ ಕಲೋನ್ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದ್ರು. ಹಾರ್ಮೋನು ಇದೆ ಅಂತ ಯಾವುದರ ಲೇಬಲ್ಲಲ್ಲೂ ಇರ್ಲಿಲ್ಲ. 94ರಲ್ಲಿ ಸಿಕ್ತು, ಅಂದ್ರೆ 14.8 ಶೇಕಡಾ. ಡೋಪಿಂಗ್ ನಿಯಮದಲ್ಲಿ "ನಂಗೆ ಗೊತ್ತಿರ್ಲಿಲ್ಲ" ಅಂದ್ರೆ ಬಿಡಲ್ಲ, ನಿಮ್ ಮೈಯಲ್ಲಿ ಸಿಕ್ಕಿದ್ದಕ್ಕೆ ನೀವೇ ಹೊಣೆ. ಬ್ಯಾಚ್ ಬ್ಯಾಚ್ ಪರೀಕ್ಷೆ ಮಾಡಿ ಮುದ್ರೆ ಹಾಕಿರೋದನ್ನೇ ತಗೊಳ್ಳಿ.

ಮೂತ್ರಪಿಂಡ, ಯಕೃತ್ತಿನ ಕಾಯಿಲೆ ಇದ್ರೆ ಡಾಕ್ಟರನ್ನ ಕೇಳ್ದೆ ಈ ಪುಡಿಗಳ ಹತ್ರ ಹೋಗ್ಬೇಡಿ. ಮತ್ತೆ ಕೊನೇಸುತ್ತು ಅವ್ರೇ, ತೂಕ ಇಳಿಸ್ತಾ ಜೋರು ತಾಲೀಮು ಮಾಡ್ತಿದೀರ ಅಂದ್ರಿ. ರೆಸ್ಟು, ಊಟ ಸರಿ ಮಾಡಿದ್ಮೇಲೂ ಸುಸ್ತು ಹೋಗದಿದ್ರೆ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ನೋಡ್ಸಿ. ಓಡೋರಲ್ಲಿ ಕಬ್ಬಿಣದ ದಾಸ್ತಾನು ಇಳಿದಿರೋದು ಅಪರೂಪ ಅಲ್ಲ, ಹಿಮೋಗ್ಲೋಬಿನ್ ಸರಿಯಾಗೇ ಕಾಣಿಸ್ತಾ ಇರತ್ತೆ. ಹಾಗಂತ ನೋಡ್ಸದೇ ಕಬ್ಬಿಣದ ಮಾತ್ರೆ ನುಂಗ್ಬೇಡಿ.

ತಡವಾಗಿ_ಬಂದೋನು:
ಪೂರ್ತಿ ಓದಿಲ್ಲ. ಗ್ಲುಟಮಿನ್, ಸಿಟ್ರುಲಿನ್, ಕ್ರಿಯಾಟಿನ್ ಇವು ಹೇಗೆ?

ಜೀವರಸ:
ಗ್ಲುಟಮಿನ್ ಸುಸ್ತಿಗೆ ದಂಡ. ಸಿಟ್ರುಲಿನ್ ದೇಹದಲ್ಲಿ ಆರ್ಜಿನಿನ್ ಆಗತ್ತೆ, ಆರ್ಜಿನಿನ್ ನೇರ ಕುಡಿದ್ರೆ ಕರುಳು ಯಕೃತ್ತು ಸೇರಿ ಅರ್ಧ ದಾರಿಯಲ್ಲೇ ಮುಗಿಸತ್ತೆ, ಅದಕ್ಕೆ ಸಿಟ್ರುಲಿನ್ ವಾಸಿ ಅಂತಾರೆ, ತೂಕ ಎತ್ತೋರಿಗೆ ಒಂದೆರಡು ರೆಪ್ ಜಾಸ್ತಿ ಆಗ್ಬಹುದು, ಫಲಿತಾಂಶಗಳು ಒಂದೇ ಥರ ಇಲ್ಲ. ಕ್ರಿಯಾಟಿನ್ ಮಾತ್ರ ಗಟ್ಟಿ. ಅದು ಆರ್ಜಿನಿನ್, ಗ್ಲೈಸಿನ್, ಮೆಥಿಯೊನಿನ್ ಮೂರರಿಂದ ತಯಾರಾಗೋದು, ಪದೇ ಪದೇ ಸ್ಪ್ರಿಂಟ್ ಮಾಡೋರಿಗೆ ಉಪಯೋಗ ಇದೆ, ದಿನಕ್ಕೆ 3ರಿಂದ 5 ಗ್ರಾಂ ಸಾಕು. ಓಟದವರಿಗೆ ಒಂದೇ ತಕರಾರು, ಶುರುವಿನಲ್ಲಿ ನೀರು ಹಿಡ್ಕೊಂಡು ತೂಕ ಒಂದೆರಡು ಕೆಜಿ ಏರ್ಬಹುದು. 2018ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಹೇಳಿಕೆಯಲ್ಲಿ ಸಾಧನೆಗೆ ನೇರವಾಗಿ ನೆರವಾಗೋ ಐದು ಹೆಸರು ಇತ್ತು: ಕೆಫೀನ್, ಕ್ರಿಯಾಟಿನ್, ನೈಟ್ರೇಟ್, ಬೀಟಾ ಅಲನೈನ್, ಬೈಕಾರ್ಬೊನೇಟ್. ಬಿಸಿಎಎ ಅದ್ರಲ್ಲಿಲ್ಲ.

ಕೊನೇಸುತ್ತು:
ಎಲ್ರಿಗೂ ಥ್ಯಾಂಕ್ಸ್. ಸದ್ಯಕ್ಕೆ ಡಬ್ಬಿ ಬೇಡ. ಇಂಟರ್ವಲ್ ಹಿಂದಿನ ರಾತ್ರಿ ಹೊಟ್ಟೆ ತುಂಬಾ ಊಟ, ಬೆಳಗ್ಗೆ ಸ್ವಲ್ಪ ಏನಾದ್ರೂ ತಿಂದು, ಕೋಚ್ ಸಾರ್ ಹೇಳಿದ ಹಾಗೆ 86ರಲ್ಲಿ ಓಡ್ತೀನಿ. ಒಂದು ಡೌಟು, ರೆಸ್ಟಲ್ಲಿ ಪೂರ್ತಿ ಕೂತ್ಕೋಬೇಕಾ ನಡೀಬೇಕಾ?

ಕೋಚ್_ಮಾವ:
ನಡಿ. ಕೂತ್ರೆ ಏಳೋಕೆ ಮನಸ್ಸು ಬರಲ್ಲ. ನಡೀತಿದ್ರೆ ಲ್ಯಾಕ್ಟೇಟೂ ಬೇಗ ಖರ್ಚಾಗತ್ತೆ. ಬಗ್ಗಿ ಮಂಡಿ ಮೇಲೆ ಕೈ ಇಟ್ಕೊಂಡು ಉಸಿರಾಡ್ಬೇಕು ಅನ್ಸಿದ್ರೆ ಇಟ್ಕೋ, ಹಾಗೆ ನಿಲ್ಬಾರ್ದು ಅಂತ ಬಯ್ಯೋ ಕೋಚ್‌ಗಳ ಮಾತಿಗೆ ಬೆಲೆ ಕೊಡ್ಬೇಡ.

ಕಬ್ಬಿಣದ_ಕೈ:
ಮಾವ ನಮ್ ಟ್ರೈನರ್ರೂ ಅದಕ್ಕೇ ಬಯ್ಯೋದು. ಹೊಸಾ ಥ್ರೆಡ್ ಹಾಕಿ, ಇದ್ರ ಮೇಲೆ ನಾನು ಜಗಳ ಆಡ್ಬೇಕು.